ಫಿಜಿಯ ಕಾನೂನಿಗೆ ದೋಣಿ ಹತ್ತಲು ಬರುತ್ತದೆಯೇ?

2012ರ ಸೆಪ್ಟೆಂಬರ್ 3. ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ಹಾಸನ ಜಿಲ್ಲೆಯ ಗಿರೀಶ್ ಹೈಜಂಪ್‌ನಲ್ಲಿ ಬೆಳ್ಳಿ ಗೆದ್ದರು. ಅಪ್ಪನಿಗೆ ಒಂದು ವಾರ ಬೇರೆ ಮಾತೇ ಇರಲಿಲ್ಲ. "ನಮ್ಮ ಕಡೆ ಹುಡುಗ ಕಣೇ" ಅಂತ ಹಾಲು ಹಾಕುವವನಿಗೂ ಹೇಳಿದ್ದಾಯಿತು. ಚಿನ್ನ ಯಾರಿಗೆ ಹೋಯಿತು ಅಂತ ಮಾತ್ರ ನಾವ್ಯಾರೂ ಕೇಳಲಿಲ್ಲ.

ಅದು ಹೋಗಿದ್ದು ಪೆಸಿಫಿಕ್ ಸಾಗರದ ದ್ವೀಪ ದೇಶ ಫಿಜಿಯ ಇಲಿಯೇಸಾ ದೆಲಾನಾಗೆ. ಇಬ್ಬರೂ ಹಾರಿದ್ದು 1.74 ಮೀಟರ್. ಯಾರು ಕಡಿಮೆ ಸಲ ಎಡವಿದರು ಅನ್ನುವ ಲೆಕ್ಕದಲ್ಲಿ ಚಿನ್ನ ಅತ್ತ ಹೋಯಿತು. ದೆಲಾನಾಗೆ ಮೂರು ವರ್ಷವಿದ್ದಾಗ ಬಸ್ ಅಪಘಾತದಲ್ಲಿ ಎಡಗಾಲು ಹೋಗಿತ್ತು. ಒಂದೇ ಕಾಲಲ್ಲಿ ಕುಪ್ಪಳಿಸಿಕೊಂಡು ಬಂದು ಹಾರುತ್ತಿದ್ದರು. ಫಿಜಿ ಅಂದರೆ ರಗ್ಬಿ ಅಂತಾರೆ ಎಲ್ಲರೂ. ಆದರೆ ರಗ್ಬಿ ತಂಡ ಒಲಿಂಪಿಕ್ಸ್ ಚಿನ್ನ ತಂದದ್ದು 2016ರಲ್ಲಿ. ಅದಕ್ಕೂ ನಾಲ್ಕು ವರ್ಷ ಮೊದಲೇ ಆ ದೇಶಕ್ಕೆ ಮೊದಲ ಚಿನ್ನ ತಂದವರು ದೆಲಾನಾ. ಅಲ್ಲಿನ ಸರ್ಕಾರ ಅವರ ಚಿತ್ರವಿರುವ 50 ಸೆಂಟ್ ನಾಣ್ಯ ಹೊರಡಿಸಿತು. 2014ರಲ್ಲಿ ಅವರು ಸಂಸತ್ತಿಗೆ ಗೆದ್ದು, ಯುವಜನ ಮತ್ತು ಕ್ರೀಡೆಗೆ ಸಹಾಯಕ ಮಂತ್ರಿಯೂ ಆದರು.

ಇದೆಲ್ಲ ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಶುಗರ್‌ನಿಂದ ಅಪ್ಪನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದ ಮೇಲೆ. ಆಸ್ಪತ್ರೆಯಲ್ಲಿ ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಏನೇನೋ ಓದುತ್ತಿದ್ದಾಗ ಫಿಜಿ ಎದುರಾಯಿತು. ಶುಗರ್‌ನಿಂದ ಕಾಲು ಕಳೆದುಕೊಳ್ಳುವವರು ಅಲ್ಲಿ ವಿಪರೀತ. ಕಬ್ಬಿನ ಗದ್ದೆಗೆ ಅಂತಲೇ ಬ್ರಿಟಿಷರು ನಮ್ಮ ದೇಶದಿಂದ ಅರವತ್ತು ಸಾವಿರ ಜನರನ್ನು ಹಡಗು ಹತ್ತಿಸಿ ಸಾಗಿಸಿದ ನಾಡು ಅದು. ಈಗ ಸಕ್ಕರೆ ಕಾಯಿಲೆ. ಮಂಡ್ಯದವರು ಇದನ್ನು ಓದಿ ಬೇಜಾರು ಮಾಡಿಕೊಳ್ಳಬೇಡಿ.

ಓದುತ್ತಾ ಹೋದಂತೆ ಮೊದಲು ಹೊಟ್ಟೆಕಿಚ್ಚಾಯಿತು. ಫಿಜಿಯ 2013ರ ಸಂವಿಧಾನದಲ್ಲಿ ಅಂಗವಿಕಲರಿಗೆ ಅಂತಲೇ ಒಂದು ಸೆಕ್ಷನ್ ಇದೆ, 42ನೆಯದು. ಎಲ್ಲಾ ಜಾಗಗಳಿಗೂ ಹೋಗುವ, ಬಸ್ಸು ಹಡಗು ಹತ್ತುವ, ಮಾಹಿತಿ ಪಡೆಯುವ ಹಕ್ಕು. ಸನ್ನೆ ಭಾಷೆ, ಬ್ರೈಲ್ ಬಳಸುವ ಹಕ್ಕು. ಬೇಕಾದ ಸಲಕರಣೆ ಪಡೆಯುವ ಹಕ್ಕು. ಕಟ್ಟಡ, ವಾಹನ, ಕೆಲಸದ ನಿಯಮಗಳನ್ನು ತಮಗೆ ತಕ್ಕಂತೆ ಬದಲಿಸಿಕೊಡಿ ಎಂದು ಕೇಳುವ ಹಕ್ಕು. ನಮ್ಮ ಸಂವಿಧಾನದ 15ನೇ ವಿಧಿ ತೆಗೆದು ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಅಂತಿದೆ. ಅಂಗವೈಕಲ್ಯದ ಹೆಸರಿಲ್ಲ. ನಮಗೆ ಬರುವ ಹಕ್ಕುಗಳು ಮುಖ್ಯವಾಗಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಿಂದ.

ಆದರೆ 42ನೇ ಸೆಕ್ಷನ್‌ಗೆ ಮೂರನೆಯದೊಂದು ಸಾಲಿದೆ. ಅಗತ್ಯ ಬಿದ್ದಷ್ಟರ ಮಟ್ಟಿಗೆ ಕಾನೂನು ಮಾಡಿ, ಅಥವಾ ಕಾನೂನಿನಡಿ ಅಧಿಕಾರಿಗಳ ಕ್ರಮದಿಂದ, ಈ ಹಕ್ಕುಗಳನ್ನು ಮಿತಿಗೊಳಿಸಬಹುದು. ಅಪ್ಪನಿಗೆ ಓದಿ ಹೇಳಿದೆ. "ಅಂದ್ರೆ ಮುಂದಿನ ಬಾಗಿಲಲ್ಲಿ ಕೊಟ್ಟು ಹಿತ್ತಿಲಲ್ಲಿ ಈಸ್ಕೊಂಡ ಹಾಗೆ" ಅಂದರು. ನನಗೂ ಹಾಗೇ ಅನ್ನಿಸುತ್ತದೆ. ಯಾವುದು ಅಗತ್ಯ ಅಂತ ಹೇಳುವವರು ಯಾರು? ದುಡ್ಡಿಲ್ಲ ಅನ್ನುವುದೂ ಅಗತ್ಯವೇ ಆಗಿಬಿಡುತ್ತದಲ್ವಾ?

2017ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಪ್ಪಂದಕ್ಕೆ ಫಿಜಿ ಅಂತಿಮ ಒಪ್ಪಿಗೆ ಕೊಟ್ಟಿತು. 2018ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂತು. ಐವತ್ತು ಅಥವಾ ಹೆಚ್ಚು ಜನರಿಗೆ ಕೆಲಸ ಕೊಡುವವರು ನೂರಕ್ಕೆ ಎರಡರಷ್ಟು ಅಂಗವಿಕಲರನ್ನು ತೆಗೆದುಕೊಳ್ಳಬೇಕೆಂಬ ನಿಯಮ 2007ರಿಂದಲೇ ಇತ್ತು. 2017-18ರ ಬಜೆಟ್‌ನಲ್ಲಿ ತಿಂಗಳಿಗೆ 90 ಡಾಲರ್ ಭತ್ಯೆ ಶುರುವಾಯಿತು, ಆಮೇಲೆ ಸ್ವಲ್ಪ ಏರಿತು. ಫಿಜಿ ಡಾಲರ್ ಮತ್ತೆ, ಅಮೆರಿಕದ್ದಲ್ಲ. ನಮ್ಮ ಲೆಕ್ಕದಲ್ಲಿ ಮೂರು ಸಾವಿರದ ಮೇಲೆ ಸ್ವಲ್ಪ.

ನನಗೆ ನಿಜವಾಗಿ ಮೆಚ್ಚುಗೆಯಾದದ್ದು ಅವರು ತಲೆ ಎಣಿಸಿದ ರೀತಿ. 2017ರ ಜನಗಣತಿಯಲ್ಲಿ "ನೀವು ಅಂಗವಿಕಲರಾ?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಯಾರು ಹೌದು ಅಂತಾರೆ? ನಮ್ಮಪ್ಪನೇ ಇವತ್ತಿಗೂ ಅನ್ನಲ್ಲ. ಕನ್ನಡಕ ಹಾಕಿಕೊಂಡರೂ ಕಾಣಲು ಕಷ್ಟವಾ, ನಡೆಯಲು ಮೆಟ್ಟಿಲು ಹತ್ತಲು ಕಷ್ಟವಾ, ನೆನಪಿಡಲು ಕಷ್ಟವಾ ಅಂತ ಕೇಳಿದರು. ಸ್ವಲ್ಪ ಕಷ್ಟ ಅಂದವರನ್ನೂ ಸೇರಿಸಿದರೆ ಸುಮಾರು ಒಂಬತ್ತು ಲಕ್ಷದ ಆ ದೇಶದಲ್ಲಿ 1,13,595 ಜನ ಸಿಕ್ಕರು. ಮೂರು ವರ್ಷ ಮೇಲ್ಪಟ್ಟವರಲ್ಲಿ ಶೇಕಡಾ 13.7. ನಮ್ಮ 2011ರ ಜನಗಣತಿ ಹೇಳಿದ್ದು 2.21. ಫಿಜಿಯವರಿಗಿಂತ ನಾವು ಆರು ಪಟ್ಟು ಗಟ್ಟಿ ಅಂತ ನಂಬುವವರಿದ್ದರೆ ನಂಬಲಿ.

ಸರಿ, ಎಣಿಸಿದ್ದಾಯಿತು. ಆಮೇಲೆ? ಫಿಜಿಯಲ್ಲಿ ಮುನ್ನೂರಕ್ಕೂ ಹೆಚ್ಚು ದ್ವೀಪಗಳಿವೆ, ನೂರಕ್ಕೂ ಹೆಚ್ಚಿನದರಲ್ಲಿ ಜನರಿದ್ದಾರೆ. ಪುನರ್ವಸತಿ ಆಸ್ಪತ್ರೆ ಇರುವುದು ರಾಜಧಾನಿ ಸುವಾದ ತಮವುವಾದಲ್ಲಿ. ವಿಶೇಷ ಶಾಲೆಗಳು ಬಹುಪಾಲು ಎರಡು ದೊಡ್ಡ ದ್ವೀಪಗಳಲ್ಲಿ. ರೊಟುಮಾ ಎಂಬ ದ್ವೀಪ ಸುವಾದಿಂದ 600 ಕಿಲೋಮೀಟರ್‌ಗೂ ದೂರ. ಅಲ್ಲಿ ಒಬ್ಬರ ಕೃತಕ ಕಾಲಿನ ಪಟ್ಟಿ ಕಿತ್ತುಹೋದರೆ ಅದನ್ನು ಸರಿಮಾಡಿಸಲು ಸಮುದ್ರ ದಾಟಬೇಕು. ಮರಳಲ್ಲಿ ವೀಲ್‌ಚೇರ್ ಚಕ್ರ ಹೂತುಹೋಗುತ್ತದೆ, ಉಪ್ಪು ಗಾಳಿಗೆ ತುಕ್ಕು ಹಿಡಿಯುತ್ತದೆ. ಹಳ್ಳಿಯ ಸಾಂಪ್ರದಾಯಿಕ ಮನೆಗಳು ಎತ್ತರದ ಮಣ್ಣು ಕಲ್ಲಿನ ಜಗಲಿಯ ಮೇಲಿರುತ್ತವೆ.

ಇದರ ಜೊತೆಗೆ ಮಕೊಂಗಾಯ್ ದ್ವೀಪದ ಕಥೆ ನೆನಪಾಗುತ್ತದೆ. 1911ರಿಂದ 1969ರವರೆಗೆ ಕುಷ್ಠರೋಗಿಗಳನ್ನು ಒಯ್ದು ಇಡುತ್ತಿದ್ದ ಜಾಗ ಅದು. ಫಿಜಿಯವರಷ್ಟೇ ಅಲ್ಲ, ಪೆಸಿಫಿಕ್‌ನ ಬೇರೆ ದ್ವೀಪಗಳಿಂದಲೂ ತಂದು, ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಇಟ್ಟಿದ್ದರು. ಔಷಧಿ ಬಂದ ಮೇಲೆ ದ್ವೀಪ ಮುಚ್ಚಿತು, ಉಳಿದವರನ್ನು ಇದೇ ತಮವುವಾಕ್ಕೆ ತಂದರು. ಆಗ ರೋಗಿಯನ್ನು ದೂರ ಇಡುವುದಕ್ಕೆ ಹಡಗು ಸಿಗುತ್ತಿತ್ತು, ಸರ್ಕಾರದ್ದೇ ಖರ್ಚು. ಈಗ ಚಿಕಿತ್ಸೆಗೆ ಬರುವವರಿಗೂ ಅದೇ ಉತ್ಸಾಹದಲ್ಲಿ ಹಡಗು ಕಳಿಸಲಿ ಅನ್ನುವುದು ನನ್ನ ವಾದ. ಬೇರೇನೂ ಇಲ್ಲ. ತಿಂಗಳ ಭತ್ಯೆ ಕೈಗೆ ಕೊಟ್ಟು ಸಮುದ್ರವನ್ನು ನೀವೇ ದಾಟಿಕೊಳ್ಳಿ ಅಂದರೆ ಆ ಕಾಯ್ದೆ ಸುವಾ ಪಟ್ಟಣದ ಕಾಯ್ದೆ ಅಷ್ಟೇ.

ಚಂಡಮಾರುತ ಬಂದಾಗ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 2016ರ ಫೆಬ್ರವರಿಯಲ್ಲಿ ವಿನ್‌ಸ್ಟನ್ ಚಂಡಮಾರುತಕ್ಕೆ 44 ಜನ ಸತ್ತರು, ಸಾವಿರಾರು ಮನೆ ಹೋದವು. ಅಲ್ಲಿ ಆಶ್ರಯ ಕೇಂದ್ರ ಅಂದರೆ ಸಾಮಾನ್ಯವಾಗಿ ಊರಿನ ಶಾಲೆ ಅಥವಾ ಚರ್ಚು. ಎಚ್ಚರಿಕೆ ರೇಡಿಯೋದಲ್ಲಿ ಬರುತ್ತದೆ, ಕಿವಿ ಕೇಳದವರಿಗೆ ಯಾರು ಹೇಳಬೇಕು? ಶಾಲೆಗೆ ಮೆಟ್ಟಿಲು, ಶೌಚಾಲಯ ಹೊರಗೆ. ಸುವಾದಲ್ಲೇ ಕಚೇರಿ ಇರುವ ಪೆಸಿಫಿಕ್ ಡಿಸೆಬಿಲಿಟಿ ಫೋರಂ ಎಂಬ ಅಂಗವಿಕಲರ ಒಕ್ಕೂಟ ಇಂಥದ್ದನ್ನೆಲ್ಲ ಎತ್ತಿ ಹೇಳುತ್ತಾ ಬಂದಿದೆ. ಅದನ್ನು ಬಹಳ ವರ್ಷ ನಡೆಸಿದ ಸೆತಾರೆಕಿ ಮದನವಾಯ್ ಸ್ವತಃ ಕಣ್ಣು ಕಾಣದವರು.

ನಮ್ಮಲ್ಲಿ ಸಮುದ್ರವೇ ಬೇಕಿಲ್ಲ ಬಿಡಿ. ಅಪ್ಪನ ಅಂಗವಿಕಲ ಪ್ರಮಾಣಪತ್ರಕ್ಕೆ ಹೋದ ಕಚೇರಿ ಮೊದಲ ಮಹಡಿಯಲ್ಲಿತ್ತು. ಲಿಫ್ಟ್ ಇಲ್ಲ. ನಾನೂ ಆಟೋದವರೂ ಸೇರಿ ಕುರ್ಚಿ ಸಮೇತ ಎತ್ತಿಕೊಂಡು ಹೋದೆವು.

ಒಂದು ಒಳ್ಳೆಯ ಸುದ್ದಿ ಹೇಳಲೇಬೇಕು. 2022ರಲ್ಲಿ ಭಾರತದವರು ಫಿಜಿಯಲ್ಲಿ ಜೈಪುರ ಕಾಲು ಎಂಬ ಕೃತಕ ಕಾಲಿನ ಶಿಬಿರ ಮಾಡಿದರು, ಆರುನೂರಕ್ಕೂ ಹೆಚ್ಚು ಜನರಿಗೆ ಉಚಿತವಾಗಿ ಕಾಲು ಸಿಕ್ಕಿತು. ಸುಮ್ನೆ ದಾನ ಅಂತ ಹೇಳುತ್ತಿಲ್ಲ. ಜೈಪುರ ಕಾಲು ಹುಟ್ಟಿದ್ದೇ ಬರಿಗಾಲಲ್ಲಿ ನಡೆಯುವ, ಕುಕ್ಕರುಗಾಲಲ್ಲಿ, ಚಕ್ಕಂಬಕ್ಕಲ ಹಾಕಿ ಕೂರುವ ಜನರಿಗೆ. ಹಳೇ ವಿದೇಶಿ ಕಾಲಿಗೆ ಬೂಟು ಬೇಕಿತ್ತು, ಕುರ್ಚಿ ಬೇಕಿತ್ತು. ಫಿಜಿಯಲ್ಲೂ ಹಳ್ಳಿಯವರು ಸೇರುವುದು ನೆಲದ ಚಾಪೆಯ ಮೇಲೆ, ಯಂಗೋನಾ ಎಂಬ ಬೇರಿನ ಪಾನೀಯದ ಬಟ್ಟಲಿನ ಸುತ್ತ. ನೆಲಕ್ಕೆ ಕೂರಲಾಗದವರು ಅಲ್ಲಿ ಮಾತಿನಿಂದಲೂ ಹೊರಗೆ. ಒಂದು ಸಲದ ಶಿಬಿರ ಸಾಲದು. ಕಾಲು ಸವೆಯುತ್ತದೆ, ಕತ್ತರಿಸಿ ಉಳಿದ ಭಾಗ ಸಣ್ಣಗಾಗುತ್ತದೆ, ಮತ್ತೆ ಅಳತೆ ಬೇಕಾಗುತ್ತದೆ. ಆ ಅಳತೆ ತೆಗೆಯುವವರು ದ್ವೀಪ ದ್ವೀಪಕ್ಕೂ ಹೋಗುವಂತಾಗಬೇಕು.

ಅಪ್ಪನದ್ದೂ ಈಗ ಜೈಪುರ ಕಾಲೇ. ಮೊದಲು ಅಂಗಡಿಯಲ್ಲಿ ದುಬಾರಿ ಕೊಟ್ಟು ತಂದದ್ದು ಅಟ್ಟದ ಮೇಲಿದೆ. ಹೋದ ವಾರ ಅವರಿಗೆ ಆ 2012ರ ಫೈನಲ್ ವಿಡಿಯೋ ಹಾಕಿ ತೋರಿಸಿದೆ. ನೆಲದ ಮೇಲೆ ಕಾಲು ಮಡಚಿ ಕೂತು ಪೂರ್ತಿ ನೋಡಿದರು. ದೆಲಾನಾ ಕುಪ್ಪಳಿಸಿಕೊಂಡು ಬರುವುದನ್ನು ಎರಡು ಸಲ ಹಿಂದೆ ಮಾಡಿಸಿದರು. ಆಮೇಲೆ ಒಂದೇ ಮಾತು: "ಆದ್ರೂ ಗಿರೀಶಂಗೆ ಚಿನ್ನ ಬರಬೇಕಿತ್ತು ಕಣೇ."