ಮಿಲ್ ಕೂಲಿಗೆ ಸಿಕ್ಕ ರಜೆ: ಕರುಣೆಯೋ, ಲ್ಯಾಂಕಾಶೈರ್ ಲೆಕ್ಕವೋ?

ಬ್ರಿಟಿಷರು 1881ರಲ್ಲಿ ತಂದ ಮೊದಲ ಫ್ಯಾಕ್ಟರಿ ಕಾಯ್ದೆಯಿಂದ ನಮ್ಮ ಕಾರ್ಮಿಕರಿಗೆ ಒಳ್ಳೆಯದಾಯಿತೇ, ಇಲ್ಲ ನಮ್ಮ ಮಿಲ್‌ಗಳ ಜೊತೆ ಪೈಪೋಟಿಗಿದ್ದ ಲ್ಯಾಂಕಾಶೈರ್‌ಗೇ (ಇಂಗ್ಲೆಂಡಿನ ಬಟ್ಟೆ ಮಿಲ್‌ಗಳ ಪ್ರದೇಶ) ಒಳ್ಳೆಯದಾಯಿತೇ?

ಪರ

ಆಗ ಬಾಂಬೆ ಮಿಲ್‌ಗಳಲ್ಲಿ ಬೆಳಕು ಹರಿದರೆ ಕೆಲಸ ಶುರು, ಕತ್ತಲಾದರೆ ಬಂದ್. ಬೇಸಿಗೆಯಲ್ಲಂತೂ 13 ಗಂಟೆ ದಾಟುತ್ತಿತ್ತು. ಸಣ್ಣ ಮಕ್ಕಳೂ ಅಲ್ಲೇ ದುಡಿಯುತ್ತಿದ್ದರು. 7 ವರ್ಷದೊಳಗಿನವರನ್ನು ಸೇರಿಸಬೇಡಿ, 12ರೊಳಗಿನವರಿಗೆ ದಿನಕ್ಕೆ 9 ಗಂಟೆ ಸಾಕು, ತಿಂಗಳಿಗೆ ನಾಲ್ಕು ರಜೆ ಕೊಡಿ ಎಂದಿತು ಕಾಯ್ದೆ. ಇಷ್ಟೇನಾ ಅನ್ನಿಸುತ್ತದೆ, ನಿಜ. ಆದರೆ ಮಾಲೀಕನ ಗೇಟು ದಾಟಿ ಇನ್ಸ್‌ಪೆಕ್ಟರ್ ಒಳಗೆ ಬರುವಂತಾಯಿತಲ್ಲ!

ಇದು ಬೇಕು ಅಂದವರು ಬರೀ ಇಂಗ್ಲೆಂಡಿನವರಲ್ಲ. 1884ರಲ್ಲಿ ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ ಬಾಂಬೆಯಲ್ಲಿ ಕಾರ್ಮಿಕರ ಸಭೆ ಕರೆದರು. ಸುಮಾರು 5,500 ಜನರ ಸಹಿ ಇದ್ದ ಮನವಿ ಸಿದ್ಧವಾಯಿತು. ಭಾನುವಾರ ರಜೆ, ಮಧ್ಯಾಹ್ನ ಅರ್ಧ ಗಂಟೆ ಬಿಡುವು, ಹೊತ್ತಿಗೆ ಸರಿಯಾಗಿ ಸಂಬಳ, ಗಾಯವಾದರೆ ಪರಿಹಾರ ಕೇಳಿದರು. 1891ರ ತಿದ್ದುಪಡಿಯಲ್ಲಿ ವಾರದ ರಜೆ ಬಂತು, ಹೆಂಗಸರಿಗೆ 11 ಗಂಟೆಯ ಮಿತಿಯೂ ಬಂತು. ಲ್ಯಾಂಕಾಶೈರ್ ಹೊಟ್ಟೆಕಿಚ್ಚಿಗೆ ಈ ಕಾಯ್ದೆಗೆ ಒತ್ತಾಯಿಸಿತು ಅಂತಾರೆ. ಇರಲಿ ಬಿಡಿ, ಆರು ವರ್ಷದ ಮಗುವಿಗೆ ಅದರಿಂದೇನು?

ವಿರೋಧ

ಮಗುವಿಗೆ ಸಂಬಂಧ ಇದೆ. ಉದ್ದೇಶ ಬೇರೆಯಾದ್ದರಿಂದಲೇ ಕಾಯ್ದೆ ಅಷ್ಟು ತೂತಾಗಿತ್ತು. 100 ಜನಕ್ಕಿಂತ ಕಡಿಮೆ ಇರುವ ಕಾರ್ಖಾನೆ ಅದರ ಲೆಕ್ಕಕ್ಕೇ ಇಲ್ಲ. ದೊಡ್ಡವರು ಎಷ್ಟು ಹೊತ್ತು ದುಡಿಯಬೇಕು ಅನ್ನುವುದರ ಮಾತೇ ಇಲ್ಲ. ಬಟ್ಟೆ ಮಿಲ್‌ನ ಗಂಡಸರಿಗೆ 12 ಗಂಟೆಯ ಮಿತಿ ಬಂದದ್ದು 1911ರಲ್ಲಿ.

ಇನ್ನು ಚಹಾ, ಕಾಫಿ ತೋಟ, ನೀಲಿ ಬಣ್ಣ (ಇಂಡಿಗೊ) ತಯಾರಿಸುವ ಕಾರ್ಖಾನೆಗಳಿಗೆ ಪೂರ್ತಿ ವಿನಾಯಿತಿ. ಅಲ್ಲೆಲ್ಲ ಬಿಳಿ ಮಾಲೀಕರೇ ಜಾಸ್ತಿ, ಅಲ್ವಾ? ಕೊಡಗಿನ ಎಸ್ಟೇಟಿನಲ್ಲಿ ಮುಂಗಡ ಪಡೆದ ಕೂಲಿಯಾಳು ಕೆಲಸ ಬಿಟ್ಟು ಹೋದರೆ, 1859ರ ಕಾಯ್ದೆಯಡಿ ಮೂರು ತಿಂಗಳವರೆಗೆ ಜೈಲು. ಬಾಂಬೆಯ ಕೂಲಿಗೆ ಮರುಗಿದ ಸರ್ಕಾರವೇ ಇಲ್ಲಿ ತೋಟದ ದೊರೆಯ ಪರ ಪೊಲೀಸನ್ನು ಕಳಿಸುತ್ತಿತ್ತು.

ಮುಂದಿನದ್ದನ್ನೂ ನೋಡಿ. 1882ರಲ್ಲಿ ವಿದೇಶಿ ಬಟ್ಟೆಯ ಆಮದು ಸುಂಕ ಹೋಯಿತು. ಬೊಕ್ಕಸ ಬರಿದಾದಾಗ ಸುಂಕ ಮತ್ತೆ ಹಾಕಬೇಕಾಯಿತು. ಲ್ಯಾಂಕಾಶೈರ್ ಕೂಗಾಡಿತು. 1896ರಲ್ಲಿ ಆಮದು ಬಟ್ಟೆಗೆ ಹಾಕಿದಷ್ಟೇ, ಅಂದರೆ ಶೇ 3.5 ತೆರಿಗೆ ನಮ್ಮ ಮಿಲ್ ಬಟ್ಟೆಗೂ ಬಿತ್ತು. ಅದು ಹೋಗಲು 1925ರವರೆಗೆ ಕಾಯಬೇಕಾಯಿತು.

ಲೋಖಂಡೆಯವರ ಮನವಿಗೆ ಗೌರವ ಇದೆ. ಆದರೆ ಅದರಲ್ಲಿ ಕೇಳಿದ ಗಾಯದ ಪರಿಹಾರಕ್ಕೆ ಕಾಯ್ದೆ ಆಗಿದ್ದು 1923ರಲ್ಲಿ.