ಒಂದು ಒಣದ್ರಾಕ್ಷಿಯ ಮುಂದೆ ನಾಲ್ವರ ಸಂಸಾರ

ನಮ್ಮ ಅಪಾರ್ಟ್‌ಮೆಂಟಿನ ಸಭಾಂಗಣದಲ್ಲಿ ಕಳೆದ ಭಾನುವಾರ ಕುಟುಂಬಗಳಿಗೆಂದೇ ‘ಮೈಂಡ್‌ಫುಲ್‌ನೆಸ್ ಮತ್ತು ಸೃಜನಶೀಲತೆ’ ಎಂಬ ಅರ್ಧ ದಿನದ ಶಿಬಿರ ಏರ್ಪಾಡಾಗಿತ್ತು. ಈ ಕ್ಷಣದಲ್ಲಿ ಬದುಕುವುದನ್ನು ಕಲಿಯಲು ಮೂರು ವಾರ ಮೊದಲೇ ಹೆಸರು ನೋಂದಾಯಿಸಬೇಕಿತ್ತು; ತಲೆಗೆ 1,500 ರೂಪಾಯಿ, ನಾಲ್ವರ ಸಂಸಾರ ಒಟ್ಟಾಗಿ ಬಂದರೆ 5,000. ಆ ಸಾವಿರ ರೂಪಾಯಿಯ ಉಳಿತಾಯಕ್ಕಾಗಿ, ಮಾತು ಬಿಟ್ಟು ಹದಿನೈದು ದಿನವಾಗಿದ್ದ ಮೇಲಿನ ಮನೆಯ ಗಂಡ ಹೆಂಡತಿ ಒಂದೇ ಚಾಪೆಯ ಮೇಲೆ ಕುಳಿತಿದ್ದರೆಂಬುದನ್ನು ಶಿಬಿರದ ಮೊದಲ ಸಾಧನೆಯೆಂದು ದಾಖಲಿಸುವುದು ನ್ಯಾಯ.

ವಿದ್ಯೆಯ ಮೂಲವನ್ನು ಹಳಿಯುವ ಉದ್ದೇಶ ನನಗಿಲ್ಲ. ಬೌದ್ಧ ಧ್ಯಾನದಿಂದ ಎರವಲು ಪಡೆದು, 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್-ಝಿನ್ ಅವರು ಇದನ್ನು ಆರಂಭಿಸಿದ್ದು, ಔಷಧದಿಂದ ನೀಗದ ನೋವನ್ನು ವರ್ಷಗಟ್ಟಲೆ ಹೊತ್ತು ಬಂದಿದ್ದ ರೋಗಿಗಳಿಗಾಗಿ. ಅವರ ಎಂಟು ವಾರಗಳ ಪಾಠ ನಮ್ಮಲ್ಲಿಗೆ ಬರುವಷ್ಟರಲ್ಲಿ ತಿಂಡಿ, ಕಾಫಿ ಸಹಿತ ಮೂರೂವರೆ ಗಂಟೆಗೆ ಇಳಿದಿತ್ತು. ಪಾಲಿ ಭಾಷೆಯಲ್ಲಿ ಇದಕ್ಕಿರುವ ಹೆಸರು ‘ಸತಿ’, ಅಂದರೆ ಅರಿವು. ಕನ್ನಡದಲ್ಲಿ ಆ ಪದಕ್ಕೆ ಬೇರೆ ಅರ್ಥವಿರುವುದರಿಂದ, ಸತಿಯ ಕಡೆಗೆ ‘ಸತಿ’ಯಿಲ್ಲದ ಪತಿಗಳೇ ಅಂದು ಹೆಚ್ಚಾಗಿ ಕಂಡುಬಂದರು.

ಮೊದಲ ಅಭ್ಯಾಸ ಒಣದ್ರಾಕ್ಷಿಯದು. ತರಬೇತುದಾರರು ಪ್ರತಿಯೊಬ್ಬರ ಅಂಗೈಗೂ ಒಂದೊಂದು ಒಣದ್ರಾಕ್ಷಿಯಿಟ್ಟು, ಅದನ್ನು ಜನ್ಮದಲ್ಲಿ ಮೊದಲ ಸಲ ಕಾಣುತ್ತಿರುವವರಂತೆ ನೋಡಿ, ಮುಟ್ಟಿ, ಮೂಸಿ, ಕೊನೆಗೆ ನಾಲಿಗೆಯ ಮೇಲಿಡಬೇಕೆಂದು ಹೇಳಿದರು. ಐದು ವರ್ಷದ ಹುಡುಗನೊಬ್ಬ ಮಾತು ಮುಗಿಯುವ ಮೊದಲೇ ನುಂಗಿ ಇನ್ನೊಂದಕ್ಕೆ ಕೈಚಾಚಿದ. ಮಗನ ಮನೆಗೆಂದು ವಿಜಯಪುರದಿಂದ ಬಂದಿದ್ದ ಹಿರಿಯರೊಬ್ಬರು ಮಾತ್ರ ಹೇಳಿದ್ದನ್ನೆಲ್ಲ ಶ್ರದ್ಧೆಯಿಂದ ಮಾಡಿದರು. ದ್ರಾಕ್ಷಿಯನ್ನು ಅದ್ದಿ, ನೆರಳಿನ ಚಪ್ಪರದಲ್ಲಿ ಹಾಸಿ ಒಣಗಿಸುವುದರಲ್ಲೇ ನಲವತ್ತು ಬೇಸಿಗೆ ಕಳೆದ ಕೈ ಅದು. ಬೆಳಕಿಗೆ ಹಿಡಿದು ಬಣ್ಣ ನೋಡಿದರು, ಎರಡು ಬೆರಳಲ್ಲಿ ಹಿಚುಕಿದರು, ಮೂಸಿದರು, ಆಮೇಲೆ ಕಣ್ಣು ತೆರೆದು, “ಇದು ಹ್ವಾದ ವರ್ಷದ ಮಾಲ್ರಿ, ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟದ್ದು. ಕಿಲೋಕ್ಕ ಎಷ್ಟು ಕೊಟ್ರಿ?” ಎಂದು ಕೇಳಿದರು. “ಅಂಕಲ್, ತೀರ್ಪು ಕೊಡಬಾರದು, ಬರೀ ಗಮನಿಸಬೇಕು,” ಎಂದರು ತರಬೇತುದಾರರು. ಇಡೀ ಸಭಾಂಗಣದಲ್ಲಿ ಗಮನಿಸಿದ್ದ ಏಕೈಕ ವ್ಯಕ್ತಿ ಹೀಗೆ ಅನುತ್ತೀರ್ಣರಾದರು.

ಎರಡನೆಯ ಅವಧಿ ಸೃಜನಶೀಲತೆಗೆ ಮೀಸಲಾಗಿತ್ತು. ಮುದ್ರಿಸಿ ತಂದಿದ್ದ ಮಂಡಲದ ಹಾಳೆಗಳಿಗೆ ಗೆರೆ ದಾಟದಂತೆ ಬಣ್ಣ ತುಂಬಬೇಕು. ನೀಲಿ ಶಾಂತಿಗೆ, ಹಳದಿ ಸಂತೋಷಕ್ಕೆ ಎಂಬ ಪಟ್ಟಿ ಗೋಡೆಯ ಮೇಲಿತ್ತು. ನನ್ನ ಪಕ್ಕದಲ್ಲಿ ಕುಳಿತಿದ್ದ ಗೃಹಿಣಿ ಹದಿನೈದು ಚುಕ್ಕಿಯ ರಂಗೋಲಿಯನ್ನು ಪುಸ್ತಕ ನೋಡದೆ ಎಳೆಯಬಲ್ಲವರು. ಆದರೆ ಮೊಗಸಾಲೆ ಎಲ್ಲರಿಗೂ ಸೇರಿದ ಜಾಗವಾದ್ದರಿಂದ ಅಲ್ಲಿ ರಂಗೋಲಿ ಹಾಕಕೂಡದೆಂದು ನಮ್ಮ ಸಂಘ ಕಳೆದ ವರ್ಷವೇ ನಿರ್ಣಯಿಸಿದೆ. ಬಾಗಿಲಿಗೆ ಸ್ಟಿಕರ್ ಅಂಟಿಸಿಕೊಳ್ಳಲು ಅಡ್ಡಿಯಿಲ್ಲ. ಆ ನಿರ್ಣಯಕ್ಕೆ ಸಹಿ ಹಾಕಿದ ಕಾರ್ಯದರ್ಶಿಗಳೇ ಅಂದು ಅವರ ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟು, “ನಿಮ್ಮೊಳಗಿನ ಕಲಾವಿದೆಯನ್ನು ಹೊರಗೆ ಬಿಡಿ ಮೇಡಂ,” ಎಂದರು. ಎಲ್ಲಿಗೆ ಬಿಡಬೇಕೆಂದು ಅವರು ಕೇಳಲಿಲ್ಲ.

ಕೊನೆಗೆ ಎಲ್ಲರೂ ಕಣ್ಣು ಮುಚ್ಚಿ ಕುಳಿತ ಛಾಯಾಚಿತ್ರ ತೆಗೆಯಲಾಯಿತು. ಮೂವರು ಕಣ್ಣು ಬಿಟ್ಟಿದ್ದರಿಂದ ಆ ಕ್ಷಣವನ್ನು ಮತ್ತೆರಡು ಸಲ ಬದುಕಬೇಕಾಯಿತು.

ಸಂಜೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಆ ಚಿತ್ರದ ಕೆಳಗೇ ಕಾರ್ಯದರ್ಶಿಗಳ ಪ್ರಕಟಣೆ ಬಂತು: “ಬಿ ಬ್ಲಾಕಿನ ಲಿಫ್ಟಿನೊಳಗೆ ಯಾರೋ ಮಕ್ಕಳು ಮಂಡಲ ಬರೆದಿದ್ದಾರೆ. ಸಿಸಿಟಿವಿ ನೋಡಲಾಗುತ್ತಿದೆ. ಪೋಷಕರಿಗೆ 500 ರೂಪಾಯಿ ದಂಡ.”