ಸಮುದ್ರಕ್ಕೂ ಭಾನುವಾರದ ಮಡಿ

ಬೀಗ ಹಾಕುವುದು ನಮಗೇನೂ ಹೊಸದಲ್ಲ. ಮನೆಗೆ ಹಾಕುತ್ತೇವೆ, ಬೀರುವಿಗೆ ಹಾಕುತ್ತೇವೆ, ರೈಲಿನಲ್ಲಿ ಸೂಟ್‌ಕೇಸಿಗೆ ಸರಪಳಿ ಸುತ್ತಿ ಸೀಟಿಗೇ ಕಟ್ಟುತ್ತೇವೆ. ಆದರೆ ಅಟ್ಲಾಂಟಿಕ್ ಮಹಾಸಾಗರಕ್ಕೇ ಬೀಗ ಜಡಿದದ್ದನ್ನು ನಾನು ಕಂಡದ್ದು ಒಂದೇ ಕಡೆ, ನ್ಯೂಜೆರ್ಸಿಯ ಓಷನ್ ಗ್ರೋವ್‌ನಲ್ಲಿ. ಬೇಸಿಗೆಯ ಭಾನುವಾರ, ಬೆಳಗ್ಗೆ ಒಂಬತ್ತೂವರೆ. ಮರದ ಹಲಗೆಯ ಬೋರ್ಡ್‌ವಾಕ್ ಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದೇನೆ. ಮರಳಿಗೆ ಇಳಿಯುವ ದಾರಿಗೆ ಅಡ್ಡಲಾಗಿ ಸರಪಳಿ, ಅದಕ್ಕೊಂದು ಬೀಗ. ಆಚೆ ಸಮುದ್ರ ಸುಮ್ನೆ ಬಂದು ಹೋಗುತ್ತಿದೆ. ಪಾಪ, ಅದಕ್ಕೆ ಇವತ್ತು ಯಾರನ್ನೂ ಮುಟ್ಟುವ ಹಾಗಿಲ್ಲ, ಹನ್ನೆರಡು ಗಂಟೆಯವರೆಗೆ ಮಡಿ.

ಊರಿನ ಹುಟ್ಟು ಕೇಳಿದರೆ ಇದರ ಹಿಂದಿನ ಗತ್ತು ಅರ್ಥವಾಗುತ್ತದೆ. 1869ರ ಬೇಸಿಗೆಯಲ್ಲಿ ಮೆಥಡಿಸ್ಟ್ ಪಂಥದ ಪಾದ್ರಿಗಳು ಮತ್ತು ಭಕ್ತರು ಒಂದಷ್ಟು ಡೇರೆ ಹಾಕಿ, ಇಲ್ಲೇ ಪ್ರಾರ್ಥನೆಗೆ ಕೂತರು. ವಿಲಿಯಂ ಓಸ್‌ಬರ್ನ್ ಎಂಬ ಪಾದ್ರಿ ಕರಾವಳಿಯೆಲ್ಲ ಸುತ್ತಿ ಈ ಜಾಗ ಆರಿಸಿದ್ದಕ್ಕೆ ಒಂದು ಮುಖ್ಯ ಕಾರಣ, ಇಲ್ಲಿ ಸೊಳ್ಳೆ ಇರಲಿಲ್ಲ ಎಂಬುದು. ನನಗೆ ಈ ಮನುಷ್ಯನ ಮೇಲೆ ಗೌರವ ಹುಟ್ಟಿದ್ದೇ ಇದನ್ನು ಕೇಳಿ. ಧ್ಯಾನ ಕೆಡಿಸುವುದರಲ್ಲಿ ಸೊಳ್ಳೆಯ ಮುಂದೆ ಸೈತಾನ ಯಾವ ಲೆಕ್ಕ ಹೇಳಿ?

ಮರುವರ್ಷ, 1870ರಲ್ಲಿ, ರಾಜ್ಯದ ಶಾಸನಸಭೆ ಇದೇ ಭಕ್ತರ ಸಂಘಕ್ಕೆ, ಅಂದರೆ ಓಷನ್ ಗ್ರೋವ್ ಕ್ಯಾಂಪ್ ಮೀಟಿಂಗ್ ಅಸೋಸಿಯೇಷನ್ನಿಗೆ, ಊರು ಆಳುವ ಒಂದು ಸನ್ನದು ಕೊಟ್ಟಿತು. ಅಸೋಸಿಯೇಷನ್ ಅಂದರೆ ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಥರ ಅಂದುಕೊಳ್ಳಬೇಡಿ. ಆಗ ಊರಿನ ನೆಲವೆಲ್ಲ ಇವರದ್ದು, ಕಾನೂನು ಇವರದ್ದು, ಪೊಲೀಸರು ಇವರವರು. ಮನೆ ಕಟ್ಟುವವನಿಗೆ ಮನೆ ಮಾತ್ರ ಸ್ವಂತ, ಕೆಳಗಿನ ನೆಲ 99 ವರ್ಷದ ಗುತ್ತಿಗೆ. ಹೆಂಡ ಇಲ್ಲ. ಭಾನುವಾರ ಸ್ನಾನ ಇಲ್ಲ, ಸಮುದ್ರದ್ದು. ಗಾಡಿಯಂತೂ ಇಲ್ಲವೇ ಇಲ್ಲ.

ಶನಿವಾರ ಮಧ್ಯರಾತ್ರಿ ಆಯಿತೆಂದರೆ ಊರಿನ ಗೇಟುಗಳಿಗೆ ಸರಪಳಿ ಬೀಳುತ್ತಿತ್ತು. ಕಾರು ಇದ್ದವರು ಅಷ್ಟರೊಳಗೆ ಅದನ್ನು ಪಕ್ಕದೂರಿನ ಬೀದಿಗಳಲ್ಲಿ ನಿಲ್ಲಿಸಿ ನಡೆದು ಬರಬೇಕು. ಅಂದರೆ ವಾರಕ್ಕೊಮ್ಮೆ ಊರಿನ ಪಾಪವೆಲ್ಲ ಪಕ್ಕದೂರಿನಲ್ಲಿ ಪಾರ್ಕಿಂಗ್. ಅಮೆರಿಕದ ಅಧ್ಯಕ್ಷ ಗ್ರಾಂಟ್ ಕೂಡ ಒಂದು ಭಾನುವಾರ ಗಾಡಿಯನ್ನು ಗೇಟಿನ ಹೊರಗೆ ಬಿಟ್ಟು ನಡೆದೇ ಬಂದರಂತೆ. ಕಥೆಯೋ ನಿಜವೋ, ಹೇಳುವವರ ಮುಖದ ಖುಷಿಯಂತೂ ನಿಜ. ಇದು ಹೀಗೇ ನೂರು ವರ್ಷ ನಡೆಯಿತು. ಆಮೇಲೆ ತಕರಾರು ತೆಗೆದದ್ದು ಭಾನುವಾರದ ಪೇಪರ್ ಹಂಚುವವರು. 1977ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಪೇಪರ್ ಗಾಡಿಗೆ ದಾರಿ ಬಿಡಿಸಿತು, ಉಳಿದ ಅಧಿಕಾರ ಮುಟ್ಟಲಿಲ್ಲ. ಅದನ್ನು ಪೂರ್ತಿ ಬೀಳಿಸಿದವನು ಕುಡಿದು ಗಾಡಿ ಓಡಿಸಿದ ಕೇಸಿನಲ್ಲಿ ಸಿಕ್ಕಿಬಿದ್ದ ಒಬ್ಬ ಮನುಷ್ಯ. ನನಗೆ ಶಿಕ್ಷೆ ಕೊಟ್ಟ ಈ ಕೋರ್ಟು ಸರ್ಕಾರದ್ದೋ ಚರ್ಚಿನದ್ದೋ ಎಂದು ಅವನು ಮೇಲಕ್ಕೆ ಹೋದ. 1979ರಲ್ಲಿ, ಧಾರ್ಮಿಕ ಸಂಸ್ಥೆಗೆ ಊರು ಆಳುವ ಅಧಿಕಾರ ಕೊಡುವಂತಿಲ್ಲ ಎಂದು ತೀರ್ಪು ಬಂತು. ಒಂದು ಶತಮಾನ ಒಂದು ಹನಿ ಮದ್ಯ ಮಾರದ ಊರಿನ ಸರ್ಕಾರ ಕುಡುಕನ ಕೇಸಿನಲ್ಲಿ ಬಿತ್ತು. ಇಷ್ಟು ಚೆನ್ನಾಗಿ ನನಗೆ ಬರೆಯಲು ಬರುವುದಿಲ್ಲ.

ಸರಿ, ಆಳ್ವಿಕೆ ನೆಪ್ಚೂನ್ ಟೌನ್‌ಶಿಪ್ ಕೈಗೆ ಹೋಯಿತು. ನೆಪ್ಚೂನ್ ಅಂದರೆ ರೋಮನ್ನರ ಸಮುದ್ರ ದೇವರು ಅನ್ನುವುದನ್ನು ಅಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ. ಆದರೆ ನೆಲ ಇನ್ನೂ ಅಸೋಸಿಯೇಷನ್ನಿನದ್ದೇ, ಬೀಚೂ ಸೇರಿ. ನಿಜವಾದ ಚಮತ್ಕಾರ ಇಲ್ಲಿಂದ ಶುರು. ಇವರ ಹತ್ತಿರ ಎರಡು ಬೋರ್ಡುಗಳಿವೆ. ಒಂದರಲ್ಲಿ 'ಸಾರ್ವಜನಿಕ', ಇನ್ನೊಂದರಲ್ಲಿ 'ಖಾಸಗಿ'. ಯಾವಾಗ ಯಾವುದನ್ನು ನೇತು ಹಾಕಬೇಕು ಅನ್ನುವುದರಲ್ಲಿ ಇವರ ಕೈ ಪಳಗಿದೆ.

1989ರಲ್ಲಿ ತೆರಿಗೆ ವಿನಾಯಿತಿ ಬೇಕಿತ್ತು. ರಾಜ್ಯದ ಗ್ರೀನ್ ಏಕರ್ಸ್ ಯೋಜನೆಯಲ್ಲಿ ಅದು ಸಿಗಬೇಕಾದರೆ ಜಾಗ ಎಲ್ಲರಿಗೂ ತೆರೆದಿರಬೇಕು. ತೆರೆದಿದೆ ಸ್ವಾಮಿ, ಎಲ್ಲರಿಗೂ! 'ಸಾರ್ವಜನಿಕ' ಬೋರ್ಡು ಬಂತು. 2007ರಲ್ಲಿ ಇಬ್ಬರು ಹೆಂಗಸರು ಬಂದು, ನಮ್ಮಿಬ್ಬರ ಮದುವೆಯಂಥ ಸಂಗಾತ್ಯದ ಸಮಾರಂಭಕ್ಕೆ ಬೋರ್ಡ್‌ವಾಕ್ ಮೇಲಿನ ಮಂಟಪ ಬಾಡಿಗೆಗೆ ಕೊಡಿ ಎಂದರು. ಪಟ್ಟನೆ 'ಖಾಸಗಿ' ಬೋರ್ಡು. ರಾಜ್ಯ ಆ ಮಂಟಪದ ವಿನಾಯಿತಿ ಕಿತ್ತುಕೊಂಡಿತು. 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಂದು ಬೋರ್ಡ್‌ವಾಕನ್ನು ಕಿತ್ತೆಸೆಯಿತು. ಈಗ ರಿಪೇರಿಗೆ ಕೇಂದ್ರದ ದುಡ್ಡು ಬೇಕು. ಮತ್ತೆ 'ಸಾರ್ವಜನಿಕ'. ಖಾಸಗಿ ಸಂಸ್ಥೆಯ ಮನರಂಜನೆಯ ಜಾಗಕ್ಕೆ ಹೇಗೆ ಕೊಡುವುದು ಎಂದು ಅಧಿಕಾರಿಗಳು ಮೊದಲು ಬಾಗಿಲು ಹಾಕಿದರು, ಹತ್ತಿ ಇಳಿದ ಮೇಲೆ ಒಪ್ಪಿದರು. ಬಿರುಗಾಳಿಗೆ ಹೋದ ಪಿಯರ್, ಅಂದರೆ ಕಡಲೊಳಗೆ ನಡೆದುಹೋಗುವ ಕಟ್ಟೆಯ ಬದಲು 2023ರಲ್ಲಿ ಹೊಸದೊಂದು ಎದ್ದಿತು. ಮೇಲಿನಿಂದ ನೋಡಿದರೆ ಥೇಟ್ ಶಿಲುಬೆ. ಎಲ್ಲರ ಕಡಲಿನೊಳಗೆ ಚಾಚಿದೆ, ಆದರೆ ಇದು ಖಾಸಗಿ ಅಂತೆ.

ಅದೇ ವರ್ಷ ರಾಜ್ಯದ ಪರಿಸರ ಇಲಾಖೆ ಬೀಗದ ವಿಷಯ ಎತ್ತಿತು. ಭಾನುವಾರ ಬೆಳಗ್ಗೆ ಬೀಚು ಮುಚ್ಚುವುದು ಕರಾವಳಿಯ ನಿಯಮಕ್ಕೆ ವಿರುದ್ಧ, ತೆಗೆಯಿರಿ ಎಂದಿತು. ಇಲ್ಲವಾದರೆ ದಂಡ. ಇವರ ವಾದ ನೋಡಿ: ವರ್ಷವೆಲ್ಲ ತೆರೆದಿರುತ್ತೇವೆ, ಬೇಸಿಗೆಯ ಭಾನುವಾರಗಳಲ್ಲಿ ಮೂರು ಮೂರು ಗಂಟೆ ಅಷ್ಟೇ ತಾನೆ ಮುಚ್ಚುವುದು? ಸರಿ ಕಣಪ್ಪ, ಆದರೆ ಜನ ಈಜಲು ಬರುವುದೂ ಬೇಸಿಗೆಯ ಭಾನುವಾರವೇ ಅಲ್ವಾ? ಜನವರಿಯ ಮಂಗಳವಾರ ಬಾಗಿಲು ತೆಗೆದಿಟ್ಟರೆ ಬರುವುದು ಹಿಮ ಒಂದೇ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎನ್ನುವ ಮಾತನ್ನು ನಮ್ಮಜ್ಜಿ ಇಂಥವರನ್ನು ನೋಡದೆಯೇ ಕಲಿತಿದ್ದಳು. 2024ರ ಬೇಸಿಗೆಗೆ ಕೊನೆಗೂ ಸರಪಳಿ ಕಳಚಿತು, ಗೊಣಗಾಟದ ಸಮೇತ.

ಒಂದು ಮಾತು ಹೇಳಲೇಬೇಕು, ಊರು ಚಂದ ಇದೆ. 1894ರಲ್ಲಿ ಕಟ್ಟಿದ ಮರದ ಸಭಾಂಗಣ ನೋಡಿದರೆ ಬಾಯಿ ಕಟ್ಟುತ್ತದೆ. ಆರು ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಸುತ್ತ ಇನ್ನೂ 114 ಡೇರೆಗಳಿವೆ. ಮುಂದೆ ಪಟ್ಟೆ ಪಟ್ಟೆ ಕ್ಯಾನ್ವಾಸ್, ಹಿಂದೆ ಅಡುಗೆಮನೆ ಬಚ್ಚಲು ಇರುವ ಪುಟ್ಟ ಮರದ ಗೂಡು, ಬಾಗಿಲಲ್ಲಿ ಹೂವಿನ ಕುಂಡ. ಒಂದು ಡೇರೆ ಬಾಡಿಗೆಗೆ ಸಿಗಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಸ್ವರ್ಗಕ್ಕೂ ಇಷ್ಟುದ್ದ ಕ್ಯೂ ಇರಲಿಕ್ಕಿಲ್ಲ.

ಆ ಭಾನುವಾರ ನಾನು ಬೀಗದ ಮುಂದೆ ಹತ್ತು ನಿಮಿಷ ನಿಂತೆ. ಒಂದು ಕಡಲಕ್ಕಿ ಸರಪಳಿಯ ಕೆಳಗೆ ನುಸುಳಿ, ತಿರುಗಿ ಒಮ್ಮೆ ನನ್ನನ್ನು ನೋಡಿ, ಮರಳಿಗೆ ಇಳಿಯಿತು. ನಾನು ಟವೆಲ್ ಸರಿಮಾಡಿಕೊಂಡು ಬೋರ್ಡ್‌ವಾಕ್ ಹಿಡಿದು ಉತ್ತರಕ್ಕೆ ನಡೆದೆ. ವೆಸ್ಲಿ ಕೆರೆ ದಾಟಿದರೆ ಆಸ್ಬರಿ ಪಾರ್ಕ್. ಅಲ್ಲಿ ಅದೇ ಅಲೆಗಳು ಬೆಳಗ್ಗೆಯಿಂದಲೇ ಡ್ಯೂಟಿಯಲ್ಲಿದ್ದವು.